ನಬಿಸಾಬ ಗೌಂಡಿಗೆ ಬಾರದ ನಿದ್ದೆ

ನಮ್ಮ ಹಾರೂಗೇರಿಯ ಓಣಿಯಲ್ಲಿ ಹೊಸ ಮನೆ ಎದ್ದರೆ ಅದರಲ್ಲಿ ಮೊದಲು ಮಲಗುತ್ತಿದ್ದವನು ಯಜಮಾನನಲ್ಲ, ಮನೆ ಕಟ್ಟಿದ ಗೌಂಡಿ. ಈಗಿನ ಹುಡುಗರಿಗೆ ಹೇಳಿದರೆ ನಗುತ್ತಾರೆ. ನಗಲಿ. ಅವರ ಸ್ಲ್ಯಾಬಿನ ಮನೆ ಕಟ್ಟಿದ ಗೌಂಡಿ ಕೆಲಸ ಮುಗಿದ ಮರುದಿನ ಎದುರಿಗೆ ಸಿಕ್ಕರೂ ಗುರುತು ಹಿಡಿಯುವುದಿಲ್ಲ.

ರೀತಿ ಹೀಗಿತ್ತು. ಗೋಡೆ ಎದ್ದು, ತೊಲೆ ಜಂತಿ ಕೂತು, ಅದರ ಮೇಲೆ ಬೇವಿನ ತಪ್ಪಲು ಹಾಸಿ, ಮಾಳಿಗೆಗೆ, ಎಂದರೆ ಮನೆಯ ಚಾವಣಿಗೆ, ಕೊನೆಯ ಬುಟ್ಟಿ ಮಣ್ಣು ಬಿದ್ದ ದಿನ ಮನೆಯವರು ಗೌಂಡಿಗೆ ಹೋಳಿಗೆಯ ಊಟ ಹಾಕುತ್ತಿದ್ದರು. ಊಟವಾದ ಮೇಲೆ ಅವನು ನಡುಮನೆಯಲ್ಲಿ ಜಮಖಾನೆ ಹಾಸಿಕೊಂಡು, ತಾನೇ ಹೊದಿಸಿದ ಮಾಳಿಗೆಯ ಕೆಳಗೆ ಒಬ್ಬನೇ ಅಡ್ಡಾಗಬೇಕು. ಮನೆಯವರೆಲ್ಲ ಹೊರಗೆ ಕಟ್ಟೆಯ ಮೇಲೆ ಕಾಯಬೇಕು. ಎದ್ದು ಬಂದವನನ್ನು ಮನೆಯ ಹಿರಿಯ ಹೆಂಗಸು “ನಿದ್ದಿ ಬಂತೇನ್ರಿ?” ಎಂದು ಕೇಳುತ್ತಿದ್ದಳು. “ಬಂತವ್ವಾ” ಎಂದರೆ ಒಳಗೆ ಹೋಗಿ ಒಲೆ ಹೊತ್ತಿಸುವಳು. ಬರಲಿಲ್ಲ ಎಂದರೆ ಮಾತ್ರ ಯಾರೂ ಹೊಸ್ತಿಲು ದಾಟುವಂತಿಲ್ಲ. ಎಲ್ಲಿ ಮನಸ್ಸು ಕೊರೆಯುತ್ತದೆಯೋ ಅಲ್ಲಿ ಗೌಂಡಿ ಬಿಚ್ಚಿ ಕಟ್ಟಬೇಕು, ಕಟ್ಟಿ ಮತ್ತೆ ಮಲಗಬೇಕು.

ಈ ಕೆಲಸಕ್ಕೆ ನಬಿಸಾಬನಂಥ ಗೌಂಡಿ ಸುತ್ತಲಿನ ಊರುಗಳಲ್ಲಿ ಇರಲಿಲ್ಲ. ಕಟ್ಟುವುದರಲ್ಲಿ ಅವನಿಗಿಂತ ಕೈಚಳಕದವರು ಮುಗಳಖೋಡದಲ್ಲಿ ಇದ್ದರು, ಅದನ್ನು ಅವನೇ ಹೇಳುತ್ತಿದ್ದ. ಆದರೆ ಮಲಗುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಉದ್ದನೆಯ ಒಣಕಲು ಆಳು, ಮೊಣಕಾಲಿನವರೆಗೆ ಮಡಚಿದ ಪೈಜಾಮ, ತಲೆಗೆ ಸುತ್ತಿದ ಟವೆಲ್ಲು. ಅಷ್ಟು ಸಣ್ಣ ಎದೆಯಿಂದ ಅಷ್ಟು ದೊಡ್ಡ ಗೊರಕೆ ಹೇಗೆ ಹೊರಡುತ್ತದೆ ಎಂದು ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ನನ್ನ ಹಿಟ್ಟಿನ ಗಿರಣಿಯನ್ನು ಕಟ್ಟಿದವನೂ ಅವನೇ. ಅವತ್ತು ಅವನು ಮಲಗಿದ ಪರಿಗೆ ನಾವು ಹೊತ್ತು ಮುಳುಗುವವರೆಗೆ ಕಟ್ಟೆಯ ಮೇಲೆ ಕೂತು ಬೇಸತ್ತೆವು. ನನ್ನ ತಾಯಿ, “ಶ್ರೀಪಾಲ, ಹೋಗಿ ಎಬ್ಬಸೋ, ಗಿರಣಿ ಗಟ್ಟಿ ಐತಿ ಅಂತ ಗೊತ್ತಾತು” ಎಂದಿದ್ದಳು.

ಒಮ್ಮೆ ಮಾತ್ರ ಬೆಲ್ಲದ ವ್ಯಾಪಾರಿ ಮುರಗೆಪ್ಪನ ಮನೆಯಲ್ಲಿ ಮಲಗಿದವನು ಎದ್ದು ಬಂದು, “ಇಲ್ಲವ್ವಾ, ಬರಲಿಲ್ಲ” ಎಂದುಬಿಟ್ಟ. ಮುರಗೆಪ್ಪ ಬೈದ, ಕುಣಿದ, ಬೀಗರು ಬಂದು ಕೂತಿದ್ದಾರೆ ಎಂದು ಕೈಮುಗಿದ. ನಬಿಸಾಬ ಕೇಳಲಿಲ್ಲ. ಮಣ್ಣು ಇಳಿಸಿದ, ತೊಲೆ ಕಿತ್ತ. ತೊಲೆಯಲ್ಲಿ ಏನೂ ಇರಲಿಲ್ಲ. ಅದನ್ನೇ ಒಂದು ಮೊಳ ಈಚೆಗೆ ಕೂಡಿಸಿ, ಮತ್ತೆ ಮಣ್ಣು ಹೊದಿಸಿ ಮಲಗಿ ಗೊರಕೆ ಹೊಡೆದ. ಮುರಗೆಪ್ಪ ಆ ವರ್ಷವೆಲ್ಲ ಅವನನ್ನು ಕಂಡರೆ ಮುಖ ತಿರುಗಿಸುತ್ತಿದ್ದ. ಆದರೂ ಅವನ ಹೆಂಡತಿ ಆ ಮನೆಯಲ್ಲಿ ಯಾವ ಮಳೆಗೂ ಎದ್ದು ಕೂತವಳಲ್ಲ. ನಬಿಸಾಬನ ಬಾಯಿಂದ ಬರುವ “ಬಂತವ್ವಾ” ಎಂಬ ಒಂದು ಮಾತಿಗೆ ಊರಲ್ಲಿ ಅಷ್ಟು ಬೆಲೆ ಇತ್ತು.

ಮಳೆ ಗಾಳಿಯ ವಿಷಯದಲ್ಲಿ ನಮ್ಮೂರಿಗೆ ಒಂದು ವಿಚಿತ್ರ ಗುಣವಿದೆ. ಬಂದು ಹೋದ ಆಪತ್ತೇ ಮತ್ತೆ ಬರುತ್ತದೆ ಎಂದು ನಂಬಿಕೊಂಡು ಅದಕ್ಕೆ ಸಿದ್ಧವಾಗಿ ಕೂರುತ್ತದೆ. ಎಂಬತ್ನಾಲ್ಕರ ಬೇಸಿಗೆಯಲ್ಲಿ ಆಣೆಕಲ್ಲಿನ ಮಳೆ ಬಿತ್ತು. ದ್ರಾಕ್ಷಿ ತೋಟಗಳಲ್ಲಿ ಗೊನೆಗಳು ನೆಲದ ಪಾಲಾದವು, ಪೇಟೆಯ ಅಂಗಡಿಗಳ ಹಂಚೆಲ್ಲ ಪುಡಿಯಾಯಿತು, ಬೇವಿನ ಮರದ ಕೆಳಗೆ ಸತ್ತ ಗಿಳಿಗಳನ್ನು ಬುಟ್ಟಿಯಲ್ಲಿ ತುಂಬಿ ಒಯ್ದರು. ಮಣ್ಣಿನ ಮಾಳಿಗೆಗಳಿಗೆ ಮಾತ್ರ ಏನೂ ಆಗಲಿಲ್ಲ. ಆದರೂ ಊರು ಹೆದರಿತು. ಪ್ರತಿ ವರ್ಷ ಮಾಳಿಗೆಯ ಮೇಲೆ ಗೋಣಿಚೀಲ ಹಾಸುವ ಹೊಸ ಪದ್ಧತಿ ಶುರುವಾಯಿತು. ನಬಿಸಾಬ ಬೇಡವೆಂದರೂ ಕೇಳಲಿಲ್ಲ. ನಾಲ್ಕು ವರ್ಷದ ಮೇಲೆ ಬಂದದ್ದು ಆಣೆಕಲ್ಲಲ್ಲ, ಜಡಿಮಳೆ. ಬಿಡದೆ ಹಿಡಿದ ಆ ಮಳೆಯಲ್ಲಿ ನೆನೆದ ಗೋಣಿಚೀಲಗಳು ನೀರನ್ನು ಹಿಡಿದಿಟ್ಟುಕೊಂಡು ಕೆಳಗಿನ ಮಣ್ಣನ್ನು ಕೆಸರು ಮಾಡಿದವು. ಎಷ್ಟೋ ಮಾಳಿಗೆಗಳು ಕುಸಿದವು. ಅದಾದ ಮೇಲೆ ಮಾಳಿಗೆಗೆ ನೀರು ಇಳಿಯಗೊಡದ ಕರಲು ಮಣ್ಣನ್ನು ಇನ್ನಷ್ಟು ಹೊದಿಸುವುದೇ ಪರಿಹಾರವೆಂದು ಊರು ತೀರ್ಮಾನಿಸಿತು. ವರ್ಷ ವರ್ಷ ಮಳೆಗೆ ಮೊದಲು ಬುಟ್ಟಿಗಟ್ಟಲೆ ಮಣ್ಣು ಮೇಲೇರಿತು. ಅದನ್ನು ಏರಿಸಿದವರಲ್ಲಿ ನಬಿಸಾಬನೂ ಇದ್ದ. ಮಣ್ಣು ದಪ್ಪವಾದಷ್ಟೂ ಮನೆ ಗಟ್ಟಿ ಎಂದು ಅವನೂ ನಂಬಿದ್ದ.

ತೊಂಬತ್ಮೂರರಲ್ಲಿ ಗಣಪತಿ ಕಳಿಸಿದ ಮರುದಿನ ಬೆಳಗಾಗುವ ಮುಂಚೆ ಭೂಮಿ ನಡುಗಿತು. ನಮ್ಮಲ್ಲಿ ಆದದ್ದು ಹೆಚ್ಚೇನಿಲ್ಲ. ನೆಲುವಿನ ಗಡಿಗೆಗಳು ತೂಗಾಡಿದವು, ತಾಟುಗಳು ಬಿದ್ದವು, ಒಂದೆರಡು ಗೋಡೆ ಸೀಳಿದವು. ಮಧ್ಯಾಹ್ನ ರೇಡಿಯೋದಲ್ಲಿ, ಗಡಿಯಾಚೆಯ ಕಿಲ್ಲಾರಿಯಲ್ಲಿ ಮನೆಗಳು ಬಿದ್ದು ಸಾವಿರಾರು ಜನ ಸತ್ತ ಸುದ್ದಿ ಬಂದಾಗ ಗಿರಣಿಯ ಮುಂದೆ ನಿಂತವರೆಲ್ಲ ರೇಡಿಯೋದ ಸುತ್ತ ಸೇರಿದರು. ಊರ ಹೆಂಗಸರು ರೊಟ್ಟಿ ಬಡಿದರು. ರೊಟ್ಟಿ, ಹಳೇ ಬಟ್ಟೆ ತುಂಬಿಕೊಂಡು ಒಂದು ಲಾರಿ ಹೊರಟಾಗ, ಕಲ್ಲು ಎತ್ತಲು ಆಳು ಬೇಕೆಂದು ನಬಿಸಾಬನೂ ಹತ್ತಿ ಹೋದ.

ತಿರುಗಿ ಬಂದ ನಬಿಸಾಬ ಬೇರೆಯವನಾಗಿದ್ದ. ಗಿರಣಿಗೆ ಬಂದು ಜೋಳದ ಚೀಲದ ಮೇಲೆ ಕೂತ. ನಾನು ಚಹಾ ತರಿಸಿದೆ, ಕುಡಿಯಲಿಲ್ಲ.

“ಅಲ್ಲಿ ಮನಿ ಬಿದ್ದು ಮಂದಿ ಸತ್ತಿಲ್ಲ ಶ್ರೀಪಾಲ,” ಎಂದ. “ಮಣ್ಣ ಬಿದ್ದು ಸತ್ತಾರ. ಮಾಳಗಿ ಮಣ್ಣು. ಅಗದಷ್ಟೂ ಮಣ್ಣ. ನಾವು ಗೌಂಡ್ಯಾರು ಮಂದಿ ತಲಿ ಮ್ಯಾಲ ಹೊಲಾನ ಹೊರಿಸೇವಿ.”

“ನಮ್ಮೂರಾಗ ಏನೂ ಆಗಿಲ್ಲಲ್ರಿ ಕಾಕಾ,” ಎಂದೆ.

“ಆಗಿಲ್ಲ ಅಂದ್ರ ಆಗೂದಿಲ್ಲ ಅಂತೇನು?”

ಅವನ ಮನಸ್ಸಿನಲ್ಲಿ ಏನು ಮುರಿದಿತ್ತೆಂದು ನನಗೆ ಆಗ ಪೂರ್ತಿ ತಿಳಿಯಲಿಲ್ಲ. ತಾನು ಮಲಗಿ ಎದ್ದು ‘ಗಟ್ಟಿ’ ಎಂದ ಮನೆಗಳೆಲ್ಲ ಅವನ ಕಣ್ಣಿಗೆ ಈಗ ಗೋರಿಗಳ ಹಾಗೆ ಕಾಣತೊಡಗಿದ್ದವು. ಊರಿಗಂತೂ ಹೇಳುವುದೇ ಬೇಡ. ಪೇಪರಿನಲ್ಲಿ ಫೋಟೋ ನೋಡಿದವರೆಲ್ಲ ಅಂಗಳಕ್ಕೆ ಹಾಸಿಗೆ ಎಳೆದುಕೊಂಡರು. ದೀಪಾವಳಿಯ ಹೊತ್ತಿಗೆ ಮಣ್ಣಿನ ಮಾಳಿಗೆ ಕಿತ್ತು ತಗಡು ಹೊದಿಸುವ ಹುಚ್ಚು ಓಣಿ ಓಣಿಗೆ ಹಬ್ಬಿತು. ಮೀರಜದಿಂದ ಲಾರಿಗಟ್ಟಲೆ ತಗಡು ಬಂತು. ಅದನ್ನು ಅಡ್ಡಪಟ್ಟಿಗೆ ಬಿಗಿಯುವ ಕಬ್ಬಿಣದ ಹುಕ್ಕುಗಳು ಮಾತ್ರ ರಾಯಬಾಗದಲ್ಲೂ ಸಿಗಲಿಲ್ಲ, ಚಿಕ್ಕೋಡಿಯಲ್ಲೂ ಸಿಗಲಿಲ್ಲ. ಎಲ್ಲ ಊರಿನವರಿಗೂ ಒಂದೇ ಸಲ ಬೇಕಾದರೆ ಎಲ್ಲಿಂದ ಬರಬೇಕು? ಹುಕ್ಕು ಬರುವವರೆಗೆ ಇರಲಿ ಎಂದು ಜನ ತಗಡಿನ ಮೇಲೆ ಕಲ್ಲು ಹೇರಿದರು. ಒಬ್ಬರನ್ನು ನೋಡಿ ಇನ್ನೊಬ್ಬರು ಹೇರಿದರು. ಹುಕ್ಕಿನ ಮಾತು ಕ್ರಮೇಣ ಮರೆತೇ ಹೋಯಿತು.

ನಬಿಸಾಬನ ಮನೆಯ ಪಕ್ಕದ ಮನೆ ರುಕ್ಮವ್ವನದು. ನಡುವೆ ಒಂದೇ ಗೋಡೆ. ಗಂಡ ತೀರಿದ ಮೇಲೆ ಮಗ ಭರಮು ಕಬ್ಬಿನ ಹೊಲ ನೋಡಿಕೊಳ್ಳುತ್ತಿದ್ದ, ಮಗಳು ಮಲಕವ್ವನನ್ನು ಐಗಳಿಯ ದ್ರಾಕ್ಷಿ ತೋಟದವರಿಗೆ ಕೊಟ್ಟಿದ್ದರು. ನಬಿಸಾಬನಿಗೆ ರುಕ್ಮವ್ವ ಅಕ್ಕ, ರುಕ್ಮವ್ವನಿಗೆ ಅವನು ತಮ್ಮ. ಹೋಳಿಗೆ ಆ ಕಡೆ ಹೋಗುತ್ತಿತ್ತು, ಈದಿನ ಶಾವಿಗೆಯ ಸುರಕುಂಬಾ ಈ ಕಡೆ ಬರುತ್ತಿತ್ತು. ಮಲಕವ್ವ ಚಿಕ್ಕವಳಿದ್ದಾಗ ನಬಿಸಾಬನ ಹೆಂಡತಿ ಹಮೀದಾಬಿಯ ಮಡಿಲಲ್ಲೇ ಬೆಳೆದವಳು. ಹಮೀದಾಬಿಗೆ ಮಕ್ಕಳಿರಲಿಲ್ಲ.

ಮಲಕವ್ವನಿಗೆ ಆಗ ಚೊಚ್ಚಲ ಬಸಿರು. ಮೊದಲ ಬಾಣಂತನ ತವರಿನಲ್ಲೇ ಆಗಬೇಕು. ಆದರೆ ಐಗಳಿಯ ಬೀಗರು ಹೇಳಿ ಕಳಿಸಿದರು: ಮಣ್ಣಿನ ಮಾಳಿಗೆಯ ಕೆಳಗೆ ಸೊಸೆಯನ್ನು ಕಳಿಸುವುದಿಲ್ಲ. ರುಕ್ಮವ್ವ ನಬಿಸಾಬನ ಅಂಗಳಕ್ಕೆ ಬಂದು ನಿಂತಳು.

“ತಮ್ಮಾ, ಒಬ್ಬಾಕಿ ಮಗಳು. ಆಕೀನ ಚೊಚ್ಚಲ ಬಾಣಂತನ ಬ್ಯಾರೆ ಮನ್ಯಾಗ ಆದ್ರ ನಾ ಮಾರಿ ಎತ್ತಿ ತಿರಗಾಕ ಆಗೂದಿಲ್ಲ. ಕುಬಸ ಮುಗಿಯೂದರಾಗ ನನ್ನ ಮಾಳಗಿ ಬಿಚ್ಚಿ ತಗಡ ಹಾಕಿಕೊಡು.”

“ಹಾಕ್ತೀನಿ ಅಕ್ಕಾ. ಆಕಿ ನನಗೂ ಮಗಳ ಅಲ್ಲೇನು?”

ಹಾಕಿದ. ತಾನೇ ಹಿಂದೆ ಹೊದಿಸಿದ ಮಣ್ಣನ್ನು ತಾನೇ ಇಳಿಸಿದ. ತನ್ನ ಮನೆಯ ಮಾಳಿಗೆಯನ್ನು ಬಿಚ್ಚಲು ಪುರಸೊತ್ತಿರಲಿಲ್ಲ, ಅದು ಹಾಗೇ ಉಳಿಯಿತು. ತಗಡು ಕೂತಿತು. ಹುಕ್ಕು ಸಿಗಲಿಲ್ಲ. ಭರಮು ಕೆಳಗಿನಿಂದ ಕಲ್ಲು ಎತ್ತಿಕೊಟ್ಟ, ನಬಿಸಾಬ ಒಂದೊಂದನ್ನೇ ನೋಡಿ ಸಾಲಾಗಿ ಇಟ್ಟ. ಐಗಳಿಯಲ್ಲಿ ಬಸುರಿಗೆ ಮಾಡುವ ಕುಬಸದ ಶಾಸ್ತ್ರವಾಗಿ, ಮಗಳು ಹೊರಡುವ ದಿನ ಗೊತ್ತಾಯಿತು. ಅದರ ಹಿಂದಿನ ದಿನ ರುಕ್ಮವ್ವ ಅಂಗಳದಲ್ಲೇ ಹೋಳಿಗೆ ಮಾಡಿದಳು. ಹೊಸ ಮಾಳಿಗೆ ಎಂದಮೇಲೆ ಗೌಂಡಿ ಮಲಗಲೇಬೇಕಲ್ಲ.

ಅವತ್ತು ಕಟ್ಟೆಯ ಮೇಲೆ ಕಾದವರಲ್ಲಿ ನಾನೂ ಇದ್ದೆ. ಓಣಿಯ ಮೊದಲ ತಗಡಿನ ನಿದ್ದೆ ಎಂದು ಜನ ನೆರೆದಿದ್ದರು. ಉಳಿದ ತಗಡಿನ ಮನೆಯವರು ಅವಸರದಲ್ಲಿ ಈ ಶಾಸ್ತ್ರವನ್ನೇ ಬಿಟ್ಟಿದ್ದರು. ರುಕ್ಮವ್ವ ಮಾತ್ರ ಬಿಡಲಿಲ್ಲ. ನಾವು ಹೊರಗೆ ತಮಾಷೆ ಮಾಡುತ್ತಾ ಗೊರಕೆಗಾಗಿ ಕಿವಿಗೊಟ್ಟೆವು. ಕೇಳಿಸಲಿಲ್ಲ. ತಗಡಿನ ಮನೆಯಲ್ಲಿ ಸದ್ದು ಹೊರಗೆ ಬರುವುದಿಲ್ಲವೇನೋ ಎಂದು ಯಾರೋ ಅಂದರು.

ಒಳಗೆ ಆದದ್ದು ಇಷ್ಟು. ಇದನ್ನು ಅವನು ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಅವನು ಮಲಗಿದ, ಕಣ್ಣು ಮುಚ್ಚಿದ. ಹೊರಗೆ ಸಣ್ಣ ಗಾಳಿ ಎದ್ದಿತ್ತು, ಎಲೆ ಅಲ್ಲಾಡುವಷ್ಟು. ಆ ಗಾಳಿಗೇ ತಗಡಿನ ಅಂಚು ಮೇಲಕ್ಕೆದ್ದು ಕಲ್ಲಿಗೆ ಬಡಿದು ಕೆಳಗಿಳಿಯುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿರುತ್ತಿತ್ತು, ಮತ್ತೆ ಏಳುತ್ತಿತ್ತು. ಅವನಿಗೆ ನಿದ್ದೆ ಹತ್ತಿರವೂ ಸುಳಿಯಲಿಲ್ಲ. ಎದ್ದು ‘ಬರಲಿಲ್ಲ’ ಎನ್ನಬೇಕೆಂದು ಎರಡು ಸಲ ಕೂತ. ಆದರೆ ಬರಲಿಲ್ಲ ಎಂದರೆ ನಾಳೆ ಮಗಳು ಬರುವಂತಿಲ್ಲ. ಹುಕ್ಕು ಯಾವಾಗ ಬರುತ್ತದೋ ಗೊತ್ತಿಲ್ಲ. ಬೀಗರು ಇದೇ ನೆವ ಮಾಡಿ ಅಲ್ಲೇ ಬಾಣಂತನ ಮಾಡಿಸಿಬಿಡುತ್ತಾರೆ. ಹೊರಗೆ ಅಕ್ಕ ಆರತಿ ತಟ್ಟೆ ಹಿಡಿದು ನಿಂತಿದ್ದಾಳೆ. ಎಂಟು ದಿನದಲ್ಲಿ ಹುಕ್ಕು ತಂದು ಬಿಗಿದರಾಯಿತು ಎಂದುಕೊಂಡು, ಕಣ್ಣುಜ್ಜಿಕೊಳ್ಳುತ್ತಾ ಹೊರಗೆ ಬಂದ.

“ನಿದ್ದಿ ಬಂತೇನು ತಮ್ಮಾ?” ಎಂದಳು ರುಕ್ಮವ್ವ.

“ಬಂತಕ್ಕಾ.”

ಅವಳು ಒಳಗೆ ಹೋಗಿ ಒಲೆ ಹೊತ್ತಿಸಿದಳು. ನಾವೆಲ್ಲ ಹೋಳಿಗೆ ಉಂಡು ಮನೆಗೆ ಹೋದೆವು.

ಎಂಟು ದಿನದಲ್ಲಿ ಬರಬೇಕಾದ ಹುಕ್ಕು ಬಂದದ್ದು ಏಪ್ರಿಲಿನಲ್ಲಿ. ಅಷ್ಟರಲ್ಲಿ ಮಲಕವ್ವ ಹೆತ್ತಿದ್ದಳು. ಹೆಣ್ಣು ಕೂಸು. ನಬಿಸಾಬ ಮೀರಜಕ್ಕೆ ತಾನೇ ಹೋಗಿ ಮೊದಲ ಪೊಟ್ಟಣ ತಂದು, ಸುತ್ತಿಗೆ ಹಿಡಿದುಕೊಂಡು ರುಕ್ಮವ್ವನ ಬಾಗಿಲಿಗೆ ಹೋದ. ಬಾಣಂತಿ ಇರುವ ಮನೆಯ ಮೇಲೆ ಹತ್ತಿ ಬಡಿಯುವುದು ನಮ್ಮಲ್ಲಿ ಸಲ್ಲದು. ಕೂಸು ಬೆದರುತ್ತದೆ, ಬಾಣಂತಿಗೆ ಬಾಧೆ ಎನ್ನುತ್ತಾರೆ. ರುಕ್ಮವ್ವ ಕೈ ಅಡ್ಡ ಹಿಡಿದಳು.

“ತಿಂಗಳೊಪ್ಪತ್ತು ಹೋಗ್ಲಿ ತಮ್ಮಾ. ಆಮ್ಯಾಲ ಬಡಿಯಾಕಂತ. ಈಗೇನ್ ಅವಸರ ಐತಿ? ನೀನ ಮಲಗಿ ಎದ್ದ ಮನಿ ಅಲ್ಲೇನು?”

ಆಗ ಅವನು ಒಂದು ಮಾತು ಹೇಳಬಹುದಿತ್ತು. ನಾನು ಮಲಗಲಿಲ್ಲ ಅಕ್ಕಾ ಎಂದಿದ್ದರೆ ಅವಳು ಬಾಣಂತಿಯನ್ನು ಗೋಡೆಯಾಚೆ ಹಮೀದಾಬಿಯ ಮನೆಗೆ ಕಳಿಸಿ, ಮೇಲೆ ಹತ್ತಲು ಬಿಡುತ್ತಿದ್ದಳು. ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಇಷ್ಟು ವರ್ಷ ಯಾರೂ ತನ್ನ ಮಾತನ್ನು ಸಂಶಯಪಟ್ಟು ತೂಗಿ ನೋಡದ ಮನುಷ್ಯನಿಗೆ, ಆ ಮಾತು ಸುಳ್ಳು ಎಂದು ತಾನೇ ಹೇಳುವುದು ಸುಲಭವಲ್ಲ. “ಹೂಂ ಅಕ್ಕಾ, ಆಮ್ಯಾಲ ಬಡದ್ರಾತು” ಎಂದು ಹುಕ್ಕುಗಳನ್ನು ಹಿಂದಕ್ಕೆ ಒಯ್ದ. ನನಗೆ ಈಗಲೂ ಅದನ್ನು ನೆನೆದರೆ ಅವನ ಮೇಲೆ ಸಿಟ್ಟು ಬರುತ್ತದೆ, ಅದರ ಬೆನ್ನಿಗೇ ಅಯ್ಯೋ ಎನಿಸುತ್ತದೆ.

ಮೇ ತಿಂಗಳ ಒಂದು ಮಧ್ಯಾಹ್ನ ಮೂಡಣ ದಿಕ್ಕು ಕೆಂಪಾಯಿತು. ಅಡ್ಡಮಳೆ ಬರಬಹುದೆಂದು ನಾನು ಗಿರಣಿಯ ಮುಂದೆ ಒಣಹಾಕಿದ್ದ ಗೋದಿ ಬಾಚಿಕೊಳ್ಳುತ್ತಿದ್ದೆ. ಮಳೆ ಬರಲೇ ಇಲ್ಲ, ಗಾಳಿ ಬಂತು. ಎದುರಿನ ಮನೆ ಕಾಣದಷ್ಟು ಧೂಳು. ಆ ಧೂಳಿನೊಳಗೆ ಓಣಿಯ ತಗಡುಗಳು ಒಂದರ ಹಿಂದೆ ಒಂದು ಕಿತ್ತೇಳುವ ಸದ್ದು. ನಾನು ಗಿರಣಿಯ ಬಾಗಿಲಿಗೆ ಬೆನ್ನು ಕೊಟ್ಟು ಕೂತುಬಿಟ್ಟೆ. ಗಾಳಿ ನಿಂತು ಹೊರಗೆ ಬಂದಾಗ ಬೇವಿನ ಮರದ ಟೊಂಗೆಯಲ್ಲಿ ಒಂದು ತಗಡು ಮಡಚಿಕೊಂಡು ನೇತಾಡುತ್ತಿತ್ತು. ಅದು ರುಕ್ಮವ್ವನ ಮನೆಯದು.

ಅವಳು ಮೊಮ್ಮಗಳನ್ನು ಎತ್ತಿಕೊಂಡು ಪಡಸಾಲೆಯಲ್ಲಿ ಕೂತಿದ್ದಳು. ಮಲಕವ್ವ ಕೂಸಿನ ಬಟ್ಟೆ ತರಲು ನಡುಮನೆಗೆ ಹೋಗಿದ್ದಳು. ತಗಡು ಎದ್ದಾಗ ಮೇಲಿನ ಕಲ್ಲುಗಳು ಒಳಗೆ ಬಿದ್ದವು. ಅದರಲ್ಲಿ ಒಂದು ಅವಳ ತಲೆಗೆ ಬಿತ್ತು. ಜೀಪು ತರಿಸಿ ಆಸ್ಪತ್ರೆಗೆ ಹೊರಟೆವು, ಭರಮು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಊರ ಗಡಿ ದಾಟುವಷ್ಟರಲ್ಲಿ ಅವನು ಡ್ರೈವರನ ಹೆಗಲು ಮುಟ್ಟಿ, “ತಿರಗಿಸ್ರಿ” ಎಂದ. ಗೋಡೆಯಾಚೆಯ ನಬಿಸಾಬನ ಮಣ್ಣಿನ ಮಾಳಿಗೆಯಿಂದ ಒಂದು ಹಿಡಿ ಮಣ್ಣೂ ಉದುರಿರಲಿಲ್ಲ.

ಯಾರೂ ನಬಿಸಾಬನನ್ನು ಬೈಯಲಿಲ್ಲ. ಬೈಯುವುದಾದರೆ ಊರೆಲ್ಲ ತನ್ನನ್ನೇ ಬೈದುಕೊಳ್ಳಬೇಕಿತ್ತು. ಎಲ್ಲರೂ ಕಲ್ಲು ಹೇರಿದವರೇ. ಮಣ್ಣು ಮಾಡಿ ಬಂದ ದಿನ ರುಕ್ಮವ್ವ ಕೂತವಳು ಒಂದೇ ಮಾತು ಹೇಳುತ್ತಿದ್ದಳು, “ಗಾಳಿ ಒಯ್ತ ನನ್ನ ಮಗಳನ್ನ, ಗಾಳಿ ಒಯ್ತು.” ಬಂದವರಿಗೆಲ್ಲ ಅದನ್ನೇ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳ ದುಃಖ ಒಂದು ಹದಕ್ಕೆ ಬಂತು. ಕೂಸನ್ನು ಐಗಳಿಯವರು ಒಯ್ದರು. ಕುಸುಮ ಎಂದು ಹೆಸರಿಟ್ಟರು. ಬೇಸಿಗೆಗೆ ಅಜ್ಜಿಯ ಹತ್ತಿರ ಕಳಿಸುತ್ತೇವೆಂದು ಮಾತು ಕೊಟ್ಟರು, ಹಾಗೇ ನಡೆದುಕೊಂಡರು. ಅಷ್ಟರಮಟ್ಟಿಗೆ ಅವರು ಒಳ್ಳೆಯ ಜನ.

ನಬಿಸಾಬ ಆ ಬೇಸಿಗೆಯೆಲ್ಲ ಯಾರೂ ಕರೆಯದಿದ್ದರೂ ಓಣಿಯ ಮನೆ ಮನೆಗೆ ಹೋಗಿ ಹುಕ್ಕು ಬಡಿದ. ರುಕ್ಮವ್ವನ ಮನೆಗೆ ಹೊಸ ತಗಡು ಹೊದಿಸಿ, ಬೇಕಾದದ್ದಕ್ಕಿಂತ ಹೆಚ್ಚೇ ಬಿಗಿದ. ಅದೇ ಕೊನೆ, ಮತ್ತೆ ಅವನು ಯಾವ ಮನೆಯ ಮೇಲ್ಭಾಗಕ್ಕೂ ಕೈ ಹಚ್ಚಲಿಲ್ಲ. ಗೋಡೆ ಕಟ್ಟುತ್ತಿದ್ದ. ಗೋಡೆ ತಲೆ ಎತ್ತರಕ್ಕೆ ಬಂದಕೂಡಲೇ ಕರಣಿ ತೊಳೆದಿಟ್ಟು, “ಇನ್ನ ಬ್ಯಾರೆಯವರನ್ನ ಕರೀರಿ” ಎಂದು ಹೊರಡುತ್ತಿದ್ದ. ಜನ ಮೊದಲು ಕಾರಣ ಕೇಳಿದರು, ಆಮೇಲೆ ‘ಕುತ್ತಿಗೆಮಟ್ಟದ ಗೌಂಡಿ’ ಎಂದು ಹೆಸರಿಟ್ಟು ನಕ್ಕರು. ನಾನೂ ಒಂದೆರಡು ಸಲ ನಕ್ಕಿದ್ದೇನೆ. ವಯಸ್ಸಾಯಿತು, ಏಣಿ ಹತ್ತಲು ಅಂಜುತ್ತಾನೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಸ್ಲ್ಯಾಬು ಬಂತು. ಗೌಂಡಿ ಮಲಗುವ ಶಾಸ್ತ್ರ ತಾನಾಗಿಯೇ ನಿಂತಿತು, ನಿಂತದ್ದು ಯಾರ ಗಮನಕ್ಕೂ ಬರಲಿಲ್ಲ.

ಕುಸುಮ ಪ್ರತಿ ಬೇಸಿಗೆ ಬರುತ್ತಿದ್ದಳು. ತಾಯಿಯ ಹಾಗೆಯೇ ಅವಳೂ ದಿನವೆಲ್ಲ ಗೋಡೆಯಾಚೆಯೇ. ಹಮೀದಾಬಿ ಸಕ್ಕರೆ ಸವರಿ ಸುತ್ತಿಕೊಟ್ಟ ಚಪಾತಿ ಹಿಡಿದುಕೊಂಡು ನಬಿಸಾಬನ ತೊಡೆಯ ಮೇಲೆ ಕೂರುವಳು. ತೊಂಬತ್ತೊಂಬತ್ತರ ಬೇಸಿಗೆಯಲ್ಲಿ, ಮಾತು ಚೆನ್ನಾಗಿ ಬಂದ ವಯಸ್ಸು, ಒಂದು ದಿನ ಅವಳು ಕೇಳಿದಳು:

“ಅಜ್ಜಾ, ನಮ್ಮವ್ವನ್ನ ಗಾಳಿ ಹೆಂಗ ಒಯ್ತು? ಆಕಿ ಭಾಳ ಸಣ್ಣಾಕಿ ಇದ್ಲೇನು?”

ಅವನು ಅವಳನ್ನು ಕೆಳಗಿಳಿಸಿ, ಚಪ್ಪಲಿಯನ್ನೂ ಮೆಟ್ಟದೆ ನನ್ನ ಗಿರಣಿಗೆ ಬಂದ. ಕಲ್ಲು ತಿರುಗುತ್ತಿತ್ತು, ನಿಲ್ಲಿಸೆಂದು ಕೈ ಮಾಡಿದ. ನಿಲ್ಲಿಸಿದೆ. ಆಗಲೇ ಎಲ್ಲ ಹೇಳಿದ್ದು. ತಗಡು ಕಲ್ಲಿಗೆ ಬಡಿದದ್ದು, ತಾನು ಕಣ್ಣು ಮುಚ್ಚಿ ಬಿದ್ದುಕೊಂಡಿದ್ದು, ಹುಕ್ಕು ಹಿಡಿದು ಬಾಗಿಲಿನಿಂದ ತಿರುಗಿದ್ದು.

“ಅಕ್ಕಗ ಹೇಳತೀನಿ,” ಎಂದ.

ನಾನು ಅವನ ಕೈ ಹಿಡಿದುಕೊಂಡೆ. “ಕಾಕಾ, ಈಗ ಹೇಳಿ ಏನ್ ಮಾಡಾವ್ರ ಅದೀರಿ? ಆಕಿ ಹೆಂಗರ ಸಮಾಧಾನ ಮಾಡಕೊಂಡಾಳ.”

“ಆಕಿ ಸಮಾಧಾನ ನನ್ನ ಸುಳ್ಳಿನ ಮ್ಯಾಲ ನಿಂತೈತಿ ಶ್ರೀಪಾಲ. ಆಕಿ ಕೈಲೆ ಊಟ ಮಾಡಾಕತ್ತೀನಿ ನಾ, ಒಳಗ ಇಳೀವಲ್ದು. ನೀ ಬಾ ನನ್ನ ಜೋಡಿ. ಒಬ್ಬಾಂವ ಹೋದ್ರ ಮತ್ತ ಹೇಳದನ ಬರತೀನಿ.”

ಹೋದೆ. ರುಕ್ಮವ್ವ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ನಮ್ಮನ್ನು ಕಂಡು, “ಬರ್ರಿ, ಕೂಡ್ರಿ. ಏನು, ಗಿರಣಿ ಬಿಟ್ಟ ಬಂದಿಯಲ್ಲೋ ಶ್ರೀಪಾಲ?” ಎಂದು ಚಾಪೆ ಹಾಸಿದಳು. ನಬಿಸಾಬ ಚಾಪೆಯ ಮೇಲೆ ಕೂರದೆ ನೆಲದ ಮೇಲೆ ಕೂತ. ತಡವರಿಸಲಿಲ್ಲ, ಅಳಲಿಲ್ಲ, ಒಂದೇ ಉಸಿರಿಗೆ ಹೇಳಿದ.

“ಅವತ್ತ ನನಗ ನಿದ್ದಿ ಬಂದಿರಲಿಲ್ಲಕ್ಕಾ. ತಗಡ ಏಳತಿತ್ತು, ನನಗ ಕೇಳಿಸಿತ್ತು. ನಾ ನಿನಗ ಸುಳ್ಳ ಹೇಳಿದ್ನಿ. ಹುಕ್ಕ ತಂದಾಗರ ಹೇಳಬೇಕಿತ್ತು, ಆಗೂ ಹೇಳಲಿಲ್ಲ. ಮಲಕವ್ವನ್ನ ಗಾಳಿ ಒಯ್ಲಿಲ್ಲ, ನಾ ಕಳಕೊಂಡ್ನಿ.”

ರುಕ್ಮವ್ವನ ಕೈ ಮೆಣಸಿನಕಾಯಿಯ ಮೇಲೇ ನಿಂತಿತು. ಅವಳು ಎದ್ದು ಬೈಯಲಿ, ಕೈಗೆ ಸಿಕ್ಕಿದ್ದನ್ನು ಎತ್ತಿ ಹೊಡೆಯಲಿ, ಇಲ್ಲವೇ ಹೋಗಲಿ ಬಿಡು ತಮ್ಮಾ ಎನ್ನಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಅವಳು ಯಾವುದನ್ನೂ ಮಾಡಲಿಲ್ಲ. ದನಿ ಏರಿಸದೆ ಮಾತಾಡಿದಳು.

“ಇಷ್ಟ ವರ್ಷ ಗಾಳಿ ಅಂದಕೊಂಡಿದ್ನಿ. ಗಾಳಿ ಮ್ಯಾಲ ಸಿಟ್ಟ ಮಾಡಿ ಏನ್ ಮಾಡೂದು? ಅದಕ್ಕ ಮನಿ ಇಲ್ಲ, ಮಾರಿ ಇಲ್ಲ. ಅತ್ನಿ, ಅತ್ತು ಸುಮ್ಮನಾದ್ನಿ. ನೀ ಗ್ವಾಡಿ ಆಚೀಕ ಇರಾಂವ. ದಿನಾ ಬೆಳಗಾದ್ರ ನಿನ್ನ ಮಾರಿ ನೋಡಬೇಕು. ಈಗ ನಾ ನಿನ್ನ ಮ್ಯಾಲ ಸಿಟ್ಟ ಮಾಡಬೇಕಾಗತೈತಿ. ಮಾಡದಿದ್ರ ನನ್ನ ಮಗಳಿಗೆ ದ್ರೋಹ, ಮಾಡಿದ್ರ ನನಗ ಇರೂ ಒಬ್ಬ ತಮ್ಮನೂ ಹೋದ.”

“ಅಕ್ಕಾ,” ಎಂದ ನಬಿಸಾಬ.

“ನಿನಗ ಹಗರ ಆತು. ನಾ ಇದನ್ನ ಎಲ್ಲಿ ಇಡ್ಲಿ?”

ನಬಿಸಾಬನನ್ನು ನಾನು ತಡೆಯಬೇಕಿತ್ತೋ, ಅವನು ಹೇಳಿದ್ದೇ ಸರಿಯೋ, ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ. ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವನು ಸಾಯುತ್ತಿದ್ದ, ನಿಜವನ್ನು ಕೈಗೆ ತೆಗೆದುಕೊಂಡು ಇವಳು ಕೂತಿದ್ದಾಳೆ. ಇಬ್ಬರೂ ಒಳ್ಳೆಯವರೇ. ಅದೇ ನನಗೆ ಹೆಚ್ಚು ಬೇಜಾರು.

ಅಷ್ಟರಲ್ಲಿ ಗೋಡೆಯಾಚೆಯಿಂದ ಕುಸುಮಳ ದನಿ ಕೇಳಿಸಿತು. ಹಮೀದಾಬಿಯ ಜೊತೆ ಏನೋ ಹಟ ಮಾಡುತ್ತಿದ್ದಳು. ರುಕ್ಮವ್ವ ಆ ಕಡೆ ನೋಡಿದಳು, ಆಮೇಲೆ ನಬಿಸಾಬನ ಕಡೆ ತಿರುಗಿದಳು.

“ನನಗ ಹೇಳಿದ್ದ ಆತು. ಆ ಕೂಸಿಗೆ ಮಾತ್ರ ಎಂದೂ ಹೇಳಬ್ಯಾಡ. ದೊಡ್ಡಾಕಿ ಆಗಿ ಕೇಳಿದ್ರೂ ಹೇಳಬ್ಯಾಡ. ಆಕೀಗೆ ಗಾಳಿನ ಇರ್ಲಿ. ಮಾತ ಕೊಡು.”

ನಮ್ಮಲ್ಲಿ ಮಾತು ಕೊಡುವುದೆಂದರೆ ಅಂಗೈ ಮೇಲೆ ಅಂಗೈ ಇಡಬೇಕು. ನಬಿಸಾಬ ಸುಣ್ಣಕ್ಕೆ ಬಿರುಕು ಬಿಟ್ಟ ತನ್ನ ಕೈ ಮುಂದೆ ಚಾಚಿದ. ರುಕ್ಮವ್ವನ ಕೈಯೂ ಅರ್ಧ ದಾರಿ ಬಂತು. ‘ಬಂತಕ್ಕಾ’ ಎಂಬ ಅವನ ಮಾತು ನಂಬಿ ಒಮ್ಮೆ ಒಲೆ ಹೊತ್ತಿಸಿದ ಕೈ ಅದು. ಅವಳು ಅದನ್ನು ಹಿಂದಕ್ಕೆ ಎಳೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡಳು.